ಬಚ್ಚಲಲ್ಲಿ ಬಾಡಿ ಡ್ರೈಯರ್ ಹಾಕಿಸ್ಬೋದು, ಆದ್ರೆ ಗೀಸರ್ ಪಾಯಿಂಟಿಗೆ ಬೇಡ

ತಂದೆಗೆ ಸ್ಟ್ರೋಕ್ ಆದ್ಮೇಲೆ ಎಡಗೈ ಎತ್ತಕ್ಕಾಗ್ತಿಲ್ಲ, ಸ್ನಾನ ತಾವೇ ಮಾಡ್ಕೋತಾರೆ ಆದ್ರೆ ಬೆನ್ನು ಒರೆಸಕ್ಕೆ ಇನ್ನೊಬ್ರು ಒಳಗೆ ಹೋಗ್ಬೇಕು, ಅದು ಅವ್ರಿಗೆ ಮುಜುಗರ, ಮೈಗೆ ಬಿಸಿಗಾಳಿ ಬಿಟ್ಟು ಒಣಗಿಸೋ, ಗೋಡೆಗೆ ಹಾಕೋ ಎಲೆಕ್ಟ್ರಿಕ್ ಬಾಡಿ ಡ್ರೈಯರ್ ತಂದು ಗೀಸರ್ ಪಾಯಿಂಟಿಗೇ ಕೊಟ್ರೆ ನಡಿಯತ್ತಾ, ಬಿಲ್ ಎಷ್ಟು ಬರತ್ತೆ ಅಂತ ಕೇಳಿದೀರ. ನಮ್ಮನೆ ತೀರ್ಥಹಳ್ಳಿ ಕಡೆ, ನಮ್ಮತ್ತೆಗೆ ಭುಜ ಹಿಡ್ಕೊಂಡು ಕೈ ಹಿಂದಕ್ಕೆ ಹೋಗ್ತಿರ್ಲಿಲ್ಲ ಅಂತ ಒಂದು ಹಾಕಿಸಿದ್ವಿ, ಈಗ್ಲೂ ಓಡ್ತಿದೆ. ಹಾಕಿಸಿ, ಒಳ್ಳೇದೇ. ಗೀಸರ್ ಪಾಯಿಂಟಿಗೆ ಮಾತ್ರ ಬೇಡ.

ಯಾಕಂದ್ರೆ 2000 ವ್ಯಾಟ್ ಗೀಸರ್ 230 ವೋಲ್ಟಲ್ಲಿ ಸುಮಾರು 8.7 ಆಂಪ್ ಎಳ್ಯತ್ತೆ, ಡ್ರೈಯರ್ 1800 ವ್ಯಾಟ್ ಅಂದ್ರೂ ಅದೊಂದು 7.8, ಎರಡೂ ಒಟ್ಟಿಗೆ ಆನ್ ಆದ್ರೆ 16 ಆಂಪ್ ಪ್ಲಗ್ ದಾಟಿ ಹೋಯ್ತು. ಒಂದೇ ಸಲ ಹಾಕಲ್ಲ ಅಂತ ನೀವಂದ್ಕೋತೀರ, ಆದ್ರೆ ಅಪ್ಪ ಮೈ ಒಣಗಿಸ್ಕೊಳ್ಳೋ ಹೊತ್ತಿಗೆ ಸರಿಯಾಗಿ ಮನೇಲಿ ಇನ್ಯಾರೋ ಮುಂದಿನ ಸ್ನಾನಕ್ಕೆ ಗೀಸರ್ ಹಾಕೇ ಹಾಕ್ತಾರೆ. ಪ್ಲಗ್ ಕಿತ್ತು ಕಿತ್ತು ಬದಲಾಯ್ಸೋದಂತೂ ಒದ್ದೆ ಕೈಯಲ್ಲಿ ಮಾಡೋ ಕೆಲ್ಸ ಅಲ್ಲ. ಮನೆ ಲೈನ್‌ಗಳೆಲ್ಲಾ ಶುರುವಾಗೋ ಡಿಬಿ ಬಾಕ್ಸಿಂದ ಸಪರೇಟ್ ಲೈನ್ ಎಳ್ಸಿ, 4 ಸ್ಕ್ವೇರ್ ಎಂಎಂ ತಾಮ್ರದ ವೈರ್, 16 ಆಂಪ್ ಎಂಸಿಬಿ (ಲೋಡ್ ಜಾಸ್ತಿ ಆದ್ರೆ ತಾನೇ ಆಫ್ ಆಗೋ ಸ್ವಿಚ್ಚು), ಫೇಸು ನ್ಯೂಟ್ರಲ್ಲು ಎರಡೂ ಕಟ್ ಮಾಡೋ ಡಬಲ್ ಪೋಲ್ ಸ್ವಿಚ್ಚು ಬಚ್ಚಲ ಬಾಗಿಲ ಆಚೆ. ಮಿಷನ್ ಇನ್ವರ್ಟರ್ ಲೈನಿಗೆ ಬರ್ಬಾರ್ದು, ಓವರ್‌ಲೋಡ್ ಅಂತ ಕಿರುಚತ್ತೆ ಅಷ್ಟೆ.

ಇನ್ನೊಂದು ಬಹಳ ಜನ ತಪ್ಪು ತಿಳ್ಕೊಂಡಿರೋದು, ಎಂಸಿಬಿ ಇದ್ರೆ ಶಾಕ್ ಹೊಡಿಯಲ್ಲ ಅಂತ. ಎಂಸಿಬಿ ಕಾಯೋದು ವೈರನ್ನ, ಮನುಷ್ಯರನ್ನಲ್ಲ. ಮನುಷ್ಯರಿಗೆ ಬೇಕಾದ್ದು 30 ಮಿಲಿಆಂಪಿನ ಆರ್‌ಸಿಸಿಬಿ, ಹೋದ ಕರೆಂಟು ವಾಪಸ್ ಬಂದ ಕರೆಂಟು ಎರಡೂ ತಾಳೆ ಆಗ್ಲಿಲ್ಲ ಅಂದ್ರೆ ಅದು ಟಕ್ ಅಂತ ಬಿದ್ದು ಕರೆಂಟ್ ಕಟ್ ಮಾಡತ್ತೆ. ಅದ್ರ ಮೇಲೆ ಒಂದು ಪುಟ್ಟ ಟೆಸ್ಟ್ ಬಟನ್ ಇರತ್ತೆ, ತಿಂಗಳಿಗೊಂದ್ಸಲ ಒತ್ತಿ ನೋಡಿ, ಬೀಳ್ಲಿಲ್ಲ ಅಂದ್ರೆ ಅವತ್ತೇ ಬದಲಾಯ್ಸಿ. ಅರ್ಥಿಂಗೂ ಅಷ್ಟೇ ಮುಖ್ಯ. ಹಳೇ ಮನೇಲಿ ಮೂರನೇ ಪಿನ್ನಿನ ವೈರು ಪ್ಲಗ್ಗಿನ ತನಕ ಬಂದು ಅಲ್ಲೇ ನಿಂತಿರೋದುಂಟು, ಭೂಮಿಗೆ ಹೋಗಿರಲ್ಲ, ಎಲೆಕ್ಟ್ರೀಷಿಯನ್ ಹತ್ರ ಮೀಟರ್ ಇಟ್ಟು ಚೆಕ್ ಮಾಡ್ಸಿ, ಬೇಸಿಗೇಲಿ ಅರ್ಥ್ ಗುಂಡಿಗೆ ಒಂದೆರಡು ಕೊಡ ನೀರು ಹಾಕಿ.

ಜಾಗದ ವಿಷಯ. ಶವರ್ ಇರೋ ಜಾಗದ ಅಂಚಿಂದ ಕನಿಷ್ಠ 60 ಸೆಂಟಿಮೀಟರ್ ದೂರ ಅಂತ ನಿಯಮ ಹೇಳತ್ತೆ, ಆದ್ರೆ ನಮ್ಮಲ್ಲಿ ಶವರ್ ಎಲ್ಲಿ, ಬಕೆಟ್ಟಿಂದ ಚೊಂಬಲ್ಲಿ ಎತ್ತಿ ಸುರ್ಕೊಂಡ್ರೆ ನೀರು ಎದುರು ಗೋಡೆ ಮುಟ್ಟತ್ತೆ. ಅದಕ್ಕೇ ಸಾಧ್ಯ ಇದ್ರೆ ಬಾಗಿಲ ಪಕ್ಕದ ಒಣ ಗೋಡೆ ಆರ್ಸ್ಕೊಳಿ. ಮಿಷನ್ ಮೇಲೆ ಐಪಿಎಕ್ಸ್4 ಅಂತ ಇದ್ಯಾ ನೋಡಿ, ಎಲ್ಲಾ ಕಡೆಯಿಂದ ಎರಚೋ ನೀರನ್ನ ತಡಿಯತ್ತೆ ಅಂತ ಅರ್ಥ, ಪೈಪ್ ಹಿಡಿದು ತೊಳಿಬೋದು ಅಂತಲ್ಲ. ನೆಲದ ಮೇಲೆ ನಿಂತ್ಕೊಳ್ಳೋ ಪ್ಲಾಟ್‌ಫಾರ್ಮ್ ತರದ್ದೂ ಸಿಗತ್ತೆ, ಸ್ಟ್ರೋಕ್ ಆದವ್ರಿಗೆ ಅದು ಬೇಡ್ವೇ ಬೇಡ, ಒದ್ದೆ ಕಾಲಲ್ಲಿ ಹತ್ತಿ ಇಳಿಯೋದೇ ಅಪಾಯ. ಗೋಡೆಗೆ ಹಾಕೋದನ್ನೂ ನಿಂತ್ಕೊಂಡು ಅಳತೆ ತಗೋಬೇಡಿ. ತೂತು ಇರೋ ಪ್ಲಾಸ್ಟಿಕ್ ಸ್ಟೂಲ್ ಮೇಲೆ ಅಪ್ಪನ್ನ ಬಟ್ಟೆ ಹಾಕ್ಕೊಂಡೇ ಕೂರ್ಸಿ, ಗಾಳಿ ಬರೋ ಬಾಯಿ ಅವ್ರ ಹೆಗಲ ಮೂಳೆ ಮಟ್ಟಕ್ಕೆ ಬರೋ ಹಾಗೆ ಪೆನ್ಸಿಲಲ್ಲಿ ಗುರ್ತು ಹಾಕಿ, ಆಮೇಲೆ ಡ್ರಿಲ್. ಟೈಲ್ಸ್ ಹಿಂದೆ ನೀರಿನ ಪೈಪ್ ಎಲ್ಲಿ ಹೋಗಿದೆ ಅಂತ ಮೊದ್ಲೇ ಪ್ಲಂಬರಿಗೆ ಕೇಳ್ಕೊಳಿ.

ಇನ್ನು ಓಡ್ಸೋದು. ಕಂಪನಿ ವಿಡಿಯೋದಲ್ಲಿ ತೊಟ್ಟಿಕ್ಕೋ ಮೈಯಲ್ಲಿ ಬಂದು ನಿಂತ್ಕೊಂಡು ನಗ್ತಾ ಆಚೆ ಹೋಗ್ತಾರಲ್ಲ, ಹಾಗೆಲ್ಲ ಆಗಲ್ಲ. ಮೈಮೇಲೆ 100 ಗ್ರಾಂ ನೀರು ಉಳಿದಿದೆ ಅಂತ ಹಿಡ್ಕೊಳಿ, ಅದ್ನ ಬರೀ ಶಾಖದಲ್ಲಿ ಆವಿ ಮಾಡಕ್ಕೆ ಸುಮಾರು 240 ಕಿಲೋಜೂಲ್ ಬೇಕು, 1800 ವ್ಯಾಟ್ ಮಿಷನ್ ಅಷ್ಟು ಕೊಡಕ್ಕೇ ಎರಡು ನಿಮಿಷದ ಮೇಲಾಗತ್ತೆ, ಕೊಟ್ಟಿದ್ರಲ್ಲೂ ದೊಡ್ಡ ಪಾಲು ಗಾಳಿ ಜೊತೆ ದಂಡ. ಹಾಗಾಗಿ ಸರಿ ಇರೋ ಕೈಯಲ್ಲಿ ಮೊದ್ಲು ಎದೆ, ಹೊಟ್ಟೆ, ತೊಡೆ ಒಂದ್ಸಲ ಒರೆಸ್ಕೊಳ್ಳಿ, ಆಮೇಲೆ ಬೆನ್ನು ಕಂಕುಳು ಸೊಂಟಕ್ಕೆ ಗಾಳಿ. ಶುರುವಲ್ಲಿ ನೀರು ಆರೋವಾಗ ಮೈಯಿಂದ್ಲೂ ಶಾಖ ಎಳ್ಕೊಳತ್ತಲ್ಲ, ಬಿಸಿಗಾಳಿ ಬಂದ್ರೂ ಚಳಿ ಅನ್ಸತ್ತೆ, ನಮ್ಮತ್ತೆ ಮಿಷನ್ ಕೆಟ್ಟಿದೆ ಅಂತ್ಲೇ ಕೂಗಿದ್ರು. ಬಿಸಿನೀರಿನ ಹಬೆ ತುಂಬಿರೋವಾಗ ಇದು ಆಮೆ ವೇಗ, ಎಕ್ಸಾಸ್ಟ್ ಫ್ಯಾನ್ ಹಾಕ್ಲೇಬೇಕು.

ನಿಮ್ಮ ವಿಷಯದಲ್ಲಿ ತುಂಬಾ ಜಾಗ್ರತೆ ಬೇಕಾದ್ದು ಇದು, ಸ್ಟ್ರೋಕ್ ಆದ ಕಡೆ ಸ್ಪರ್ಶ ಕಮ್ಮಿ ಇದ್ರೆ ಗಾಳಿ ಸುಡ್ತಿದೆ ಅಂತ ಅವ್ರಿಗೆ ಗೊತ್ತೇ ಆಗಲ್ಲ. ಶುಗರ್ ಇದ್ದು ಪಾದ ಜೋಮು ಹಿಡಿಯೋವ್ರಿಗೂ ಇದೇ ಕಥೆ. ಹೀಟ್ ಕಡಿಮೇಲಿಡಿ, ಸರಿ ಇರೋ ಕೈ ಒಡ್ಡಿ ನೋಡ್ಕೊಂಡು ಕೂರ್ಲಿ, ಕಾಲ್ಬೆರಳ ಸಂದಿ ಮೆತ್ತಗಿನ ಬಟ್ಟೇಲಿ ನೀವೇ ಒರೆಸಿ.

ಹಳ್ಳಿ ಕಡೆ ಇದ್ರೆ ವೋಲ್ಟೇಜ್ ನೋಡಿ. ವೋಲ್ಟೇಜ್ 180ಕ್ಕೆ ಇಳಿದ್ರೆ ಹೀಟರ್ ಶಾಖ ಅದೇ ಲೆಕ್ಕದಲ್ಲಿ ಇಳಿಯಲ್ಲ, ವೋಲ್ಟೇಜಿನ ವರ್ಗದ (ಸ್ಕ್ವೇರ್) ಲೆಕ್ಕದಲ್ಲಿ ಇಳಿಯತ್ತೆ, 1800 ವ್ಯಾಟ್ ಅನ್ನೋದು 1100 ಆಗ್ಬಿಡತ್ತೆ, ಫ್ಯಾನೂ ನಿಧಾನ. ಬೆಳಿಗ್ಗೆ ಆರು ಗಂಟೆಗೆ ಎಲ್ಲಾ ಪಂಪ್‌ಸೆಟ್ ಓಡೋವಾಗ ನಮ್ಮನೇಲಿ ಅದು ಬರೀ ಶಬ್ದ ಮಾಡತ್ತೆ, ಅತ್ತೆ ಸ್ನಾನ ಹತ್ತು ಗಂಟೆಗೆ ಹೋಗಿದೆ. ಮಳೆಗಾಲದಲ್ಲಿ ಕರೆಂಟೇ ಇರಲ್ಲ ಬಿಡಿ, ಆದ್ರೆ ಇರೋ ದಿನ ಮಾತ್ರ ಇದ್ರ ಬೆಲೆ ಗೊತ್ತಾಗತ್ತೆ, ಆಷಾಢದಲ್ಲಿ ಟವೆಲ್ ಒಣಗದೆ ಮುಗ್ಗಲು ವಾಸನೆ ಹೊಡಿಯೋ ಕಾಲಕ್ಕೆ.

ಬಿಲ್ಲಿಗೆ ಹೆದರ್ಬೇಡಿ. 1800 ವ್ಯಾಟ್, ದಿನಾ ಐದು ನಿಮಿಷ, ಅಂದ್ರೆ 0.15 ಯೂನಿಟ್, ತಿಂಗಳಿಗೆ ನಾಲ್ಕೂವರೆ. ಯೂನಿಟ್ ಆರು ರೂಪಾಯಿ ಹಿಡಿದ್ರೂ ಮೂವತ್ತು ರೂಪಾಯಿ ಒಳಗೆ. ಗೃಹಜ್ಯೋತಿ ಇದ್ದು 200ರ ಅಂಚಲ್ಲಿ ಇರೋರು ಮಾತ್ರ ಮೀಟರ್ ಮೇಲೆ ಕಣ್ಣಿಟ್ಟಿರಿ, ದಾಟಿದ್ರೆ ಪೂರ್ತಿ ಬಿಲ್ ಬರತ್ತೆ.

ಆವಾಗಾವಾಗ ಸ್ವಿಚ್ ಆಫ್ ಮಾಡಿ, ಆಮೇಲೆ ಹಿಂಬದಿ ಜಾಲರಿ ಬ್ರಷ್ಷಲ್ಲಿ ಕ್ಲೀನ್ ಮಾಡಿ. ಟವೆಲ್ ನೂಲು, ಪೌಡರ್ ಎಲ್ಲಾ ಅಲ್ಲೇ ಹೋಗಿ ಕೂರತ್ತೆ, ಗಾಳಿ ಕಟ್ಟಿದ್ರೆ ಹೀಟರ್ ಸುಟ್ಟ ವಾಸನೆ. ಅದ್ರ ಮುಂದೆ ಪೌಡರ್ ಹಾಕ್ಕೋಬೇಡಿ ಅಂತ ಅಪ್ಪಂಗೆ ಮೊದ್ಲೇ ಹೇಳ್ಬಿಡಿ. ನಿಮ್ಮ ಡಿಬಿ ಬಾಕ್ಸ್ ಫೋಟೋ ಹಾಕಿ, ಆರ್‌ಸಿಸಿಬಿ ಇದ್ಯೋ ಇಲ್ವೋ ನೋಡಿ ಹೇಳ್ತೀನಿ.