ಟೀಕೆ ಬಂದರೆ ವಾಕ್ ಸ್ವಾತಂತ್ರ್ಯ ಹೋಯಿತೇ?

ಜಾಲತಾಣದಲ್ಲಿ ಹಾಕಿದ ನನ್ನ ಬರಹದ ವಿರುದ್ಧ ನೂರಾರು ಜನ ತಿರುಗಿಬಿದ್ದಿದ್ದಾರೆ, ಇದು ನನ್ನ ಅಭಿವ್ಯಕ್ತಿ ಸ್ವಾತಂತ್ರ್ಯದ ಮೇಲಿನ ದಾಳಿಯಲ್ಲವೇ, ಅಳಿಸಿಬಿಡಲೇ ಎಂದು ಕೇಳಿದ್ದೀರಿ. ಅಳಿಸಬೇಡಿ. ದಾಳಿ ಅನ್ನುವುದೂ ಅವಸರದ ಮಾತು. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 19ನೇ ವಿಧಿ ನಿಮಗೆ ಮಾತಾಡುವ ಹಕ್ಕು ಕೊಡುತ್ತದೆ. "ನೀವು ಹೇಳಿದ್ದು ತಪ್ಪು" ಅನ್ನುವವರಿಗೂ ಅದೇ ವಿಧಿ. ಕೇಳಿದವರು ತಲೆಯಾಡಿಸಬೇಕೆಂದು ಅದರಲ್ಲೆಲ್ಲೂ ಬರೆದಿಲ್ಲ.

ಮೊದಲು ಕಾಮೆಂಟುಗಳನ್ನು ಬೇರ್ಪಡಿಸಿ. "ನೀವು ಕೊಟ್ಟ ಅಂಕಿ ಹಳೆಯದು" ಎಂಬುದು ಟೀಕೆ. "ನಿನಗೇನು ಗೊತ್ತು, ಮೂರ್ಖ" ಬೈಗುಳ. ಮ್ಯೂಟ್ ಮಾಡಿದರೆ ಸಾಕು. "ನಿನ್ನ ಮನೆ ಎಲ್ಲಿದೆ ಅಂತ ಗೊತ್ತು" ಬೆದರಿಕೆ. ಹೆಚ್ಚಿನವರು ಎಡವುವುದು ಇಲ್ಲೇ. ಸಿಟ್ಟಿನಲ್ಲಿ ಮೊದಲು ಬ್ಲಾಕ್ ಮಾಡುತ್ತಾರೆ, ದೂರು ಕೊಡಲು ಹೋದಾಗ ತೋರಿಸಲು ಏನೂ ಇರುವುದಿಲ್ಲ. ಖಾತೆಯ ಹೆಸರು, ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ, ಲಿಂಕ್ ಬೇರೆಯಾಗಿ ಉಳಿಸಿಕೊಳ್ಳಿ, ರಿಪೋರ್ಟ್ ಮಾಡಿ, ಬ್ಲಾಕ್ ಕೊನೆಗೆ.

ಟೀಕೆಗಳಿಗೆ ಒಬ್ಬೊಬ್ಬರಿಗೇ ಉತ್ತರಿಸುತ್ತ ಕೂತರೆ ಹತ್ತನೆಯ ಉತ್ತರದ ಹೊತ್ತಿಗೆ ನಿಮ್ಮ ದನಿಯೇ ಕೆಟ್ಟಿರುತ್ತದೆ. ಒಂದು ರಾತ್ರಿ ಬಿಡಿ. ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪವನ್ನೇ ಆರಿಸಿ (ಸುಲಭದ್ದನ್ನು ಆರಿಸಿದರೆ ಓದುಗರಿಗೆ ತಕ್ಷಣ ಗೊತ್ತಾಗುತ್ತದೆ), ಅದನ್ನು ಅವರ ಮಾತಲ್ಲೇ ಉಲ್ಲೇಖಿಸಿ, ಒಂದೇ ಉತ್ತರ ಬರೆದು ಮೇಲೆ ಪಿನ್ ಮಾಡಿ. ಅಂಕಿ ನಿಜಕ್ಕೂ ತಪ್ಪಿದ್ದರೆ ಸದ್ದಿಲ್ಲದೆ ಬದಲಿಸಬೇಡಿ. ಹಳೆಯದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ "ತಿದ್ದುಪಡಿ" ಎಂದು ದಿನಾಂಕ ಹಾಕಿ. ಹಳೆಯ ಸ್ಕ್ರೀನ್‌ಶಾಟ್ ಹೇಗೂ ಯಾರದೋ ಫೋನಿನಲ್ಲಿ ಇದ್ದೇ ಇರುತ್ತದೆ.