ಮನೆ ಹಿಂದಿನ ಧರೆ ಬಿರುಕು ಬಿಟ್ಟಿದೆ ಎಂದವರಿಗೆ

ಅಣ್ಣಾ, ನೀವು ಇಲ್ಲಿ ಗುಂಪಿನಲ್ಲಿ ಹಾಕಿದ ಫೋಟೋ ನೋಡಿದೆ. ಮನೆ ಹಿಂದೆ ಹದಿನೈದು ಅಡಿ ಧರೆ (ಗುಡ್ಡ ಕಡಿದಾಗ ಉಳಿದ ಮಣ್ಣಿನ ಗೋಡೆ), ನೆತ್ತಿಯಲ್ಲಿ ಬೆರಳು ತೂರುವಷ್ಟು ಬಿರುಕು. ಲಾವಂಚ ನೆಟ್ಟರೆ ಸಾಕಾ ಅಂತ ಕೇಳಿದ್ದೀರಿ. ಈ ಮಳೆಗಾಲಕ್ಕಂತೂ ಸಾಲದು. ಅದರ ಬೇರು ಇಳಿಯಲು ಟೈಮ್ ಬೇಕು. ಇಳಿದರೂ ಮೇಲ್ಮಣ್ಣು ಹಿಡಿಯುತ್ತದೆ ಅಷ್ಟೆ, ಆಳದಿಂದ ಜಾರುವ ಗುಡ್ಡವನ್ನಲ್ಲ.

ನಮ್ಮ ತೀರ್ಥಹಳ್ಳಿ, ಹೊಸನಗರದ ಕಡೆ ಎಷ್ಟೋ ಗುಡ್ಡಗಳಲ್ಲಿ ಮೇಲೆ ಜಂಬಿಟ್ಟಿಗೆ ಅಂದರೆ ತೂತು ತೂತಾದ ಕೆಂಪು ಕಲ್ಲು, ಅಡಿಯಲ್ಲಿ ನೀರು ಬೇಗ ಇಳಿಯದ ನುಣುಪಾದ ಶೇಡಿ ಮಣ್ಣು. ನೀರು ಜಂಬಿಟ್ಟಿಗೆಯ ತೂತುಗಳಲ್ಲಿ ಸಲೀಸಾಗಿ ಇಳಿದು ಶೇಡಿಯ ಮೇಲೆ ನಿಲ್ಲುತ್ತದೆ. ಜಾರುವುದು ಅಲ್ಲಿಂದ. ಅದಕ್ಕೇ ಮೊದಲ ಮಳೆಗಿಂತ ಆಮೇಲಿನದಕ್ಕೆ ಹೆಚ್ಚು ಹೆದರಬೇಕು. ಜುಲೈನ ಪುನರ್ವಸು ಮಳೆ ಪೂರ್ತಿ ಸುರಿದು, ಪುಷ್ಯದಲ್ಲೂ ಹೊಳವಾಗದೆ, ಮತ್ತೆ ಎರಡು ದಿನ ಜಡಿದರೆ ಹೆದರಿ. 2018ರಲ್ಲಿ ಕೊಡಗಿನ ಗುಡ್ಡಗಳು ಜೂನ್, ಜುಲೈ ನೆನೆದು ಆಗಸ್ಟ್ ನಡುವಿನಲ್ಲಿ ಕುಸಿದವು.

ಕೆಲವರು ಇಲ್ಲಿ ಸರ್ಕಾರದ ಭೂಕುಸಿತ ನಕ್ಷೆ ಹಾಕಿದ್ದಾರೆ. ಒಳ್ಳೆಯದೇ. ಆದರೆ ಅದು 1:50,000 ಅಳತೆಯದು. ಒಂದು ಸೆಂಟಿಮೀಟರ್ ಅಂದರೆ ಅರ್ಧ ಕಿಲೋಮೀಟರ್. ನೀವು ಜೆಸಿಬಿಯಲ್ಲಿ ಕಡಿಸಿದ ಧರೆ ಅದರಲ್ಲಿ ಎಲ್ಲಿ ಕಾಣಬೇಕು?

ಗುಡ್ಡ ಬೀಳುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಬಿದ್ದರೆ ಯಾರ ಮೇಲೆ ಅಂತ ನೋಡುವವರು ಕಡಿಮೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಅದರ ಬುಡದಲ್ಲಿ ಹೆದ್ದಾರಿ ಇತ್ತು, ಚಹಾ ಅಂಗಡಿ ಇತ್ತು, ನಿಂತ ಲಾರಿಗಳಿದ್ದವು. ಅಷ್ಟೇ ಮಣ್ಣು ಜನರಿಲ್ಲದ ಯಾವುದೋ ಹಕ್ಕಲಿಗೆ ಇಳಿದಿದ್ದರೆ ನಾಲ್ಕು ಮರ ಹೋಗುತ್ತಿದ್ದವು. ನಿಮ್ಮಲ್ಲಿ ಧರೆಗೂ ಗೋಡೆಗೂ ಆರಡಿ ಇರಬಹುದು, ಅಲ್ವಾ? ಧರೆಯ ಎತ್ತರದಷ್ಟಾದರೂ ಜಾಗ ಬೇಕಿತ್ತು. ಆ ಹಿಂದಿನ ಕೋಣೆಯಲ್ಲಿ ಮಲಗುವವರು ಯಾರು? ಕಾಲು ನೋವಿನ ಅಮ್ಮ ಇದ್ದರೆ ಇವತ್ತೇ ಮುಂದಿನ ಜಗಲಿ ಕಡೆಗೆ ಮಂಚ ಹಾಕಿ. ಇದಕ್ಕೆ ಖರ್ಚಿಲ್ಲ.

ಆಮೇಲೆ ಬಿರುಕು. ಜೇಡಿ ಮಣ್ಣು ತುಂಬಿ ಗುದ್ದಿ, ಮೇಲೆ ಟಾರ್ಪಾಲು ಹಾಸಿ. ಬಿರುಕಿಗಿಂತ ಮೇಲಿನ ಇಳಿಜಾರಿನಲ್ಲಿ ಒಂದು ಅಗಳ (ಕಾಲುವೆ) ತೆಗೆದು ನೀರನ್ನು ಪಕ್ಕಕ್ಕೆ ತಿರುಗಿಸಿ. ಆದರೆ ಅಗಳದಲ್ಲಿ ನೀರು ನಿಲ್ಲಬಾರದು, ಹರಿಯಬೇಕು. ನಾನು ಇದರಲ್ಲಿ ಪೆಟ್ಟು ತಿಂದವನು. ಬಾವಿಗೆ ನೀರಾಗಲಿ ಅಂತ ಕೊಟ್ಟಿಗೆ ಮೇಲಿನ ಇಳಿಜಾರಿನಲ್ಲಿ ಇಂಗುಗುಂಡಿ ತೋಡಿಸಿದೆ. ಆ ವರ್ಷವೇ ಧರೆ ಜರಿದು ಕೊಟ್ಟಿಗೆ ಗೋಡೆ ಹೋಯಿತು. ಪುಣ್ಯಕ್ಕೆ ದನ ಮೇಯಲು ಹೋಗಿದ್ದವು. ಇಂಗುಗುಂಡಿ ಸಮತಟ್ಟಿನ ಜಾಗಕ್ಕೆ, ಮನೆ ನೆತ್ತಿಗಲ್ಲ.

ಬುಡದ ಮಣ್ಣನ್ನು ಈಗ ಒಂದು ಬುಟ್ಟಿಯೂ ತೆಗೆಯಬೇಡಿ. ಮೆಟ್ಟಿಲಾಗಿ ಕಡಿಸುವುದು, ನೀರು ಬಸಿಯಲು ಪೈಪ್ ಇಟ್ಟು ಗೋಡೆ ಕಟ್ಟುವುದು ಎಲ್ಲ ಬೇಸಿಗೆಗೆ.

ಧರೆಯಲ್ಲಿ ಹೊಸ ಒರತೆ ಒಡೆದರೆ, ಮರ ವಾಲಿದರೆ, ಬಾಗಿಲು ಸುಮ್ನೆ ಬಿಗಿಯಾದರೆ ಮನೆ ಬಿಡಿ. ಮಳೆ ಜೋರಿದ್ದೂ ಹಳ್ಳದ ನೀರು ಇಳಿದರೆ ಇನ್ನೂ ಅಪಾಯ, ಮೇಲೆಲ್ಲೋ ಮಣ್ಣು ಕಟ್ಟಿಕೊಂಡಿರಬಹುದು. ಹಳ್ಳದ ಪಾತ್ರ ಬಿಟ್ಟು ಪಕ್ಕದ ದಿಬ್ಬಕ್ಕೆ ಹತ್ತಿ.

ಬಿರುಕಿನ ಆಚೆ ಈಚೆ ಎರಡು ಗೂಟ ಹೊಡೆದು ದಿನಾ ಟೇಪು ಹಿಡಿಯಿರಿ. ಮೂರು ದಿನದ ಅಳತೆ ಇಲ್ಲೇ ಹಾಕಿ, ನೋಡೋಣ. ನಡುವೆ ಅಗಲವಾಗುತ್ತಿದೆ ಅನಿಸಿದರೆ ನಮ್ಮ ಉತ್ತರಕ್ಕೆ ಕಾಯಬೇಡಿ, ನೆಂಟರ ಮನೆಗೆ ಹೊರಡಿ.