ಓದುಗರ ಪ್ರಶ್ನೆ: ಓದದೆ ಒತ್ತಬೇಡಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮೊಬೈಲು, ಹಣ ಪಾವತಿ, ತೋಟದ ಯಂತ್ರ ಮತ್ತು ಬರವಣಿಗೆಗೆ ಸಂಬಂಧಿಸಿದವು. ಮಂಜೇಶ್ವರದಿಂದ ಮುಳ್ಳೇರಿಯದವರೆಗಿನ ಓದುಗರು ಬರೆದದ್ದನ್ನು ಒಟ್ಟಿಗೆ ಇಟ್ಟು ಓದಿದಾಗ ಒಂದು ಸಂಗತಿ ಮತ್ತೆ ಮತ್ತೆ ಕಣ್ಣಿಗೆ ಬಿತ್ತು. ನಮ್ಮ ಕಾಸರಗೋಡು ಜಿಲ್ಲೆಯ ಕನ್ನಡಿಗರ ಕೈಗೆ ಹೊಸ ಉಪಕರಣ ಬರುವುದು ಮಲಯಾಳದಲ್ಲಿ ಅಥವಾ ಇಂಗ್ಲಿಷಿನಲ್ಲಿ. ಅದನ್ನು ಕನ್ನಡಕ್ಕೆ ತಿರುಗಿಸಿಕೊಳ್ಳುವ ಅವಕಾಶ ಅನೇಕ ಸಲ ಅದರೊಳಗೇ ಇರುತ್ತದೆ, ಆದರೆ ಅದನ್ನು ತೋರಿಸಿಕೊಡುವವರಿಲ್ಲ. ಉತ್ತರಗಳನ್ನು ಬರೆಯುವಾಗ ಈ ಮಾತು ನನ್ನ ಮನಸ್ಸಿನಲ್ಲಿತ್ತು.

ಪ್ರಶ್ನೆ: ನಮ್ಮದು ಪೆರ್ಲದ ಸಮೀಪ ಚಿಕ್ಕ ಜಿನಸಿ ಅಂಗಡಿ. ಕಳೆದ ವಾರ ಸಂಜೆಯ ಗಡಿಬಿಡಿಯಲ್ಲಿ ಒಬ್ಬರು 1,840 ರೂಪಾಯಿಯ ಸಾಮಾನು ಕಟ್ಟಿಸಿಕೊಂಡು, ಹಣ ಹಾಕಿದ್ದೇನೆಂದು ಮೊಬೈಲಿನಲ್ಲಿ ಹಸಿರು ಗುರುತು ತೋರಿಸಿ ಹೋದರು. ರಾತ್ರಿ ಲೆಕ್ಕ ನೋಡಿದಾಗ ಆ ಹಣ ಬಂದೇ ಇರಲಿಲ್ಲ. ಹಣ ಬಂತೆಂದು ಹೇಳುವ ಪೆಟ್ಟಿಗೆ ಅಂಗಡಿಯಲ್ಲಿದೆ. ಆದರೆ ಅದು ಹೇಳುವ ಮಲಯಾಳದ ಸಂಖ್ಯೆ ಹಗಲು ಅಂಗಡಿಯಲ್ಲಿ ಕೂರುವ ನನ್ನ ಅಮ್ಮನಿಗೆ ಅರ್ಥವಾಗುವುದಿಲ್ಲ. ಏನು ಮಾಡಬೇಕು?

ಉತ್ತರ: ನಿಮಗಾದ ನಷ್ಟದ ಬಗ್ಗೆ ಓದಿ ಬೇಸರವಾಯಿತು. ಚಿಕ್ಕ ಅಂಗಡಿಯಲ್ಲಿ ಅಷ್ಟು ಲಾಭ ಮತ್ತೆ ಕೈಸೇರಬೇಕಾದರೆ ಎಷ್ಟು ದಿನದ ವ್ಯಾಪಾರ ಬೇಕೆಂಬುದು ಅಂಗಡಿ ನಡೆಸಿದವರಿಗೆ ಗೊತ್ತು. ಯುಪಿಐ ವ್ಯವಸ್ಥೆಯನ್ನು ರಾಷ್ಟ್ರೀಯ ಪಾವತಿ ನಿಗಮವು 2016ರಲ್ಲಿ ಆರಂಭಿಸಿತು. ಅದರಲ್ಲಿ ಹಣವು ಗಿರಾಕಿಯ ಬ್ಯಾಂಕ್ ಖಾತೆಯಿಂದ ನಿಮ್ಮ ಖಾತೆಗೆ ನೇರವಾಗಿ, ಕೆಲವೇ ಕ್ಷಣಗಳಲ್ಲಿ ಬರುತ್ತದೆ. ಆದ್ದರಿಂದ ಪಾವತಿಯ ಸಾಕ್ಷಿ ಇರುವುದು ನಿಮ್ಮ ಖಾತೆಯಲ್ಲಿಯೇ ಹೊರತು ಗಿರಾಕಿಯ ಮೊಬೈಲಿನ ಪರದೆಯಲ್ಲಲ್ಲ. ಹಸಿರು ಗುರುತು, ಅಂಗಡಿಯ ಹೆಸರು, ಮೊತ್ತ, ಸಮಯ ಎಲ್ಲವನ್ನೂ ನಿಜದಂತೆ ತೋರಿಸುವ ನಕಲಿ ಆಪ್‌ಗಳು ಇವೆ. ಹಿಂದಿನ ದಿನದ ಚಿತ್ರವನ್ನೇ ತೋರಿಸಿ ಹೋಗುವವರೂ ಇದ್ದಾರೆ. ಪೆಟ್ಟಿಗೆ ಮಾತಾಡುವ ತನಕ, ಅಥವಾ ನಿಮ್ಮ ಮೊಬೈಲಿನಲ್ಲಿ ಜಮೆಯ ಸೂಚನೆ ಬರುವ ತನಕ, ಸಾಮಾನಿನ ಚೀಲವನ್ನು ಮೇಜಿನ ಈಚೆಯೇ ಇಟ್ಟುಕೊಳ್ಳಿ. ಪರಿಚಯದ ಗಿರಾಕಿ ಇದರಿಂದ ಬೇಸರಪಟ್ಟುಕೊಳ್ಳುವುದಿಲ್ಲ.

ಪೆಟ್ಟಿಗೆಯ ವಿಷಯ ನನಗೆ ಇದಕ್ಕಿಂತ ಮುಖ್ಯವೆನಿಸುತ್ತದೆ. ದೊಡ್ಡ ಪಾವತಿ ಕಂಪೆನಿಗಳ ಪೆಟ್ಟಿಗೆಗಳಲ್ಲಿ ಕನ್ನಡವೂ ಇದೆ. ಅಂಗಡಿಯವರ ಆಪ್‌ನೊಳಗೆ ಭಾಷೆ ಬದಲಿಸುವ ಜಾಗವಿರುತ್ತದೆ. ಅದು ಸಿಗದಿದ್ದರೆ ಪೆಟ್ಟಿಗೆ ಕೊಟ್ಟುಹೋದ ಪ್ರತಿನಿಧಿಯನ್ನೋ ಕಂಪೆನಿಯ ಸಹಾಯವಾಣಿಯನ್ನೋ ಕೇಳಿ ಮಾಡಿಸಿಕೊಳ್ಳಿ. ಕೇರಳದ ವಿಳಾಸ ಕಂಡೊಡನೆ ಮಲಯಾಳವನ್ನು ಹೊಂದಿಸಿಕೊಡುವುದು ಅವರ ರೂಢಿ. ನಾವು ಕೇಳದಿದ್ದರೆ ಅದು ಹಾಗೆಯೇ ಉಳಿಯುತ್ತದೆ. ಹಗಲಿಡೀ ಅಂಗಡಿಯಲ್ಲಿ ಕೂರುವುದು ಅಮ್ಮನಾದರೆ ಪೆಟ್ಟಿಗೆ ಅಮ್ಮನ ಭಾಷೆಯಲ್ಲಿಯೇ ಮಾತಾಡಬೇಕು.

ಅಮ್ಮನಿಗೆ ಇನ್ನೆರಡು ವಿಷಯಗಳನ್ನು ಹೇಳಿಕೊಡಿ. ಹಣ ಪಡೆಯಲು ಯಾವ ಸಂದರ್ಭದಲ್ಲಿಯೂ ರಹಸ್ಯ ಸಂಖ್ಯೆಯನ್ನು ಒತ್ತಬೇಕಾಗಿಲ್ಲ, ಅದನ್ನು ಒತ್ತಿದರೆ ಹಣ ಹೊರಗೆ ಹೋಗುತ್ತದೆ. ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದಾಗ ಕ್ಯೂಆರ್ ಚೀಟಿಯ ಮೇಲೆ ಬೇರೆ ಚೀಟಿಯನ್ನು ಯಾರಾದರೂ ಅಂಟಿಸಿದ್ದಾರೆಯೇ ಎಂದು ಬೆರಳಾಡಿಸಿ ನೋಡಬೇಕು. ಆಗಿಹೋದ ವಂಚನೆಯ ಬಗ್ಗೆ 1930 ಸಂಖ್ಯೆಗೆ ಕರೆ ಮಾಡಿ, ಸ್ಥಳೀಯ ಠಾಣೆಯಲ್ಲಿಯೂ ದೂರು ಕೊಡಿ. ನಿಮ್ಮ ಪ್ರಕರಣದಲ್ಲಿ ಹಣ ಯಾರ ಖಾತೆಯಿಂದಲೂ ಹೊರಟಿಲ್ಲವಾದ್ದರಿಂದ ಬ್ಯಾಂಕಿನಿಂದ ಪರಿಹಾರ ಸಿಗಲಾರದು. ಆದರೆ ಅದೇ ವ್ಯಕ್ತಿ ನಾಳೆ ಬದಿಯಡ್ಕದ ಅಂಗಡಿಗೂ ಹೋಗಬಹುದು, ಆಗ ನಿಮ್ಮ ದೂರು ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ಪೈವಳಿಕೆ ಕಡೆಯವನು ನಾನು. ಜಾಗದ ತೆರಿಗೆ, ಪಿಂಚಣಿ, ಪ್ರಮಾಣಪತ್ರ ಎಲ್ಲವೂ ಈಗ ಕಂಪ್ಯೂಟರಿನಲ್ಲೇ ಆಗಬೇಕು. ಸೇವಾ ಕೇಂದ್ರದಲ್ಲಿ ಅರ್ಜಿ ತುಂಬಿಸಿ, ಮೊಬೈಲಿಗೆ ಬಂದ ಸಂಖ್ಯೆಯನ್ನು ಕೇಳುತ್ತಾರೆ, ಹೇಳಿಬಿಡುತ್ತೇನೆ. ಏನು ಬರೆದಿದ್ದಾರೆಂದು ಮಲಯಾಳ ಓದಲು ಬಾರದ ನನಗೆ ಗೊತ್ತಾಗುವುದಿಲ್ಲ. ಒಮ್ಮೆ ನನ್ನ ಮನೆತನದ ಹೆಸರೇ ತಪ್ಪಾಗಿ, ತಿದ್ದಿಸಲು ಮೂರು ತಿಂಗಳು ಅಲೆದೆ.

ಉತ್ತರ: ಮೊಬೈಲಿಗೆ ಬರುವ ಆ ಸಂಖ್ಯೆ ನಿಮ್ಮ ಸಹಿಗೆ ಸಮಾನ. ಹಿಂದೆ ನಮ್ಮ ಹಿರಿಯರು ದಸ್ತಾವೇಜಿಗೆ ಹೆಬ್ಬೆಟ್ಟು ಒತ್ತುವ ಮೊದಲು ಬರಹಗಾರನಿಂದ ಅದನ್ನು ಓದಿಸಿ ಕೇಳುತ್ತಿದ್ದರು. ಆ ಪದ್ಧತಿಯನ್ನು ನಾವು ಬಿಡಬೇಕಾದ ಕಾರಣವೇ ಇಲ್ಲ. ಸಂಖ್ಯೆ ಹೇಳುವ ಮೊದಲು ಪರದೆಯನ್ನು ನಿಮ್ಮ ಕಡೆಗೆ ತಿರುಗಿಸಿ ಓದಿ ಹೇಳುವಂತೆ ಕೇಳಿ. ಹೆಸರು, ಮನೆತನ, ಸರ್ವೆ ನಂಬರು, ಹುಟ್ಟಿದ ದಿನ ಈ ನಾಲ್ಕನ್ನಾದರೂ ನಿಮ್ಮಲ್ಲಿರುವ ಕಾಗದದೊಂದಿಗೆ ತಾಳೆ ನೋಡಿ. ಹಿಂದೆ ಸಾಲು ಇದ್ದರೂ ಸಂಕೋಚ ಬೇಡ. ಮೊಬೈಲಿನ ಕ್ಯಾಮರಾದಿಂದ ಮಲಯಾಳದ ಕಾಗದವನ್ನು ಹಿಡಿದು ಕನ್ನಡದಲ್ಲಿ ಓದಿಕೊಳ್ಳುವ ಅನುವಾದ ಸೌಲಭ್ಯವೂ ಈಗ ಉಚಿತವಾಗಿ ಸಿಗುತ್ತದೆ. ವಿಷಯ ಸಾಮಾನ್ಯವಾಗಿ ತಿಳಿಯುತ್ತದೆ. ಆದರೆ ಮನೆತನದ ಹೆಸರು ಮತ್ತು ಊರಿನ ಹೆಸರುಗಳಿಗೂ ಅರ್ಥ ಹುಡುಕಿ ಅನುವಾದಿಸುವ ದೋಷ ಅದರಲ್ಲಿದೆ, ಅಂಥಲ್ಲಿ ಅದನ್ನು ನಂಬಬೇಡಿ.

ತಿದ್ದುಪಡಿಗಾಗಿ ಅಲೆಯುವಾಗ ನಿಮ್ಮ ಮನವಿಯನ್ನು ಕನ್ನಡದಲ್ಲಿಯೇ ಬರೆದು ಕೊಡಬಹುದು. ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಪ್ರತಿಯೊಬ್ಬರಿಗೂ ಕೊಟ್ಟಿದೆ. ಕಂಪ್ಯೂಟರು ಬಂದಿತೆಂದು ಆ ವಿಧಿ ರದ್ದಾಗಿಲ್ಲ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದಂದಿನಿಂದ ಹಿರಿಯರು ಕಾಗದದ ಮೇಲೆ ಉಳಿಸಿಕೊಂಡು ಬಂದ ಕನ್ನಡವನ್ನು ನಾವು ಪರದೆಯ ಎದುರು ಸಂಕೋಚದಿಂದ ಬಿಟ್ಟುಕೊಡುತ್ತಿದ್ದೇವೆ ಎಂಬ ನೋವು ನನಗಿದೆ.

ಪ್ರಶ್ನೆ: ಮೊಬೈಲಿನಲ್ಲಿ ಮಿಕ್ಸಿ ತರಿಸಿದೆವು. ಜಾರಿನ ಮುಚ್ಚಳ ಒಡೆದಿತ್ತು. ಮಾರಿದವರು ಉತ್ತರವನ್ನೇ ಕೊಡುತ್ತಿಲ್ಲ. ಯಾರನ್ನು ಕೇಳುವುದು? ಮುಳ್ಳೇರಿಯದ ಗೃಹಿಣಿಯೊಬ್ಬರು.

ಉತ್ತರ: 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಅಂಥ ಪ್ರತಿಯೊಂದು ಸಂಸ್ಥೆಯೂ ದೂರು ಅಧಿಕಾರಿಯನ್ನು ನೇಮಿಸಿ, ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ಕೊಟ್ಟು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆ ಅಧಿಕಾರಿಯ ಹೆಸರು ಆಪ್‌ನ ಕೊನೆಯ ಪುಟಗಳಲ್ಲಿ ಇರುತ್ತದೆ. ಅಲ್ಲಿಗೆ ಬರೆದೂ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಇನ್ನು ಮುಂದೆ ಪೆಟ್ಟಿಗೆ ಬಿಚ್ಚುವಾಗ ಮನೆಯವರು ಯಾರಾದರೂ ವಿಡಿಯೋ ತೆಗೆಯಲಿ. ಸಹಾಯವಾಣಿಯ ಸಂಖ್ಯೆಯನ್ನು ಮಾತ್ರ ಅಂತರ್ಜಾಲದಲ್ಲಿ ಹುಡುಕಬೇಡಿ, ಅಲ್ಲಿ ಮೇಲೆ ಕಾಣುವುದು ವಂಚಕರ ಸಂಖ್ಯೆಯೂ ಆಗಿರಬಹುದು.

ಪ್ರಶ್ನೆ: ಅಡಿಕೆಗೆ ಮದ್ದು ಬಿಡಲು ಜನ ಸಿಗುವುದಿಲ್ಲ. ಮಗ ಡ್ರೋನ್ ತರೋಣ ಎನ್ನುತ್ತಾನೆ, ನೆರೆಮನೆಯವರು ಉದ್ದ ಕೋಲಿನ ದೋಟಿಯೇ ಸಾಕೆನ್ನುತ್ತಾರೆ. ನಮ್ಮದು ಅಡೂರಿನ ಇಳಿಜಾರಿನಲ್ಲಿರುವ ಎರಡೆಕರೆ ಹಳೆಯ ತೋಟ.

ಉತ್ತರ: ಈ ಸಲಕ್ಕೆ ನೆರೆಮನೆಯವರ ಮಾತನ್ನು ಕೇಳುವುದು ಒಳ್ಳೆಯದು. ಕೊಳೆರೋಗಕ್ಕೆ ನಾವು ಬಿಡುವ ಶೇಕಡ 1ರ ಬೋರ್ಡೋ ದ್ರಾವಣ, ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು ಮತ್ತು 1 ಕಿಲೋ ಸುಣ್ಣ ಸೇರಿದ ಮದ್ದು, ಅಡಿಕೆ ಗೊನೆಗೆ ಸುತ್ತಲೂ ತಾಗಬೇಕು. ಗೊನೆ ಇರುವುದು ಸೋಗೆಯ ಕೆಳಗೆ. ಡ್ರೋನ್ ಮದ್ದು ಬಿಡುವುದು ಸೋಗೆಯ ಮೇಲಿನಿಂದ. ಗದ್ದೆಗೆ ಚೆನ್ನಾಗಿ ಒಪ್ಪುವ ಯಂತ್ರ ಅಡಿಕೆ ತೋಟದಲ್ಲಿ ಎಡವುವುದು ಇಲ್ಲಿಯೇ. ಜೊತೆಗೆ ಮದ್ದು ಬಿಡುವ ಗಾತ್ರದ ಡ್ರೋನ್ ಹಾರಿಸಲು 2021ರ ಡ್ರೋನ್ ನಿಯಮಗಳ ಪ್ರಕಾರ ತರಬೇತಿ ಪಡೆದು ಪ್ರಮಾಣಪತ್ರ ಪಡೆಯಬೇಕು. ಎರಡೆಕರೆಗಾಗಿ ಅಷ್ಟು ಬಂಡವಾಳ ಹೂಡುವುದು ನನಗೆ ಸರಿಕಾಣುವುದಿಲ್ಲ.

ಕಾರ್ಬನ್ ಫೈಬರ್ ದೋಟಿಯಾದರೆ ನೆಲದಲ್ಲಿ ನಿಂತೇ ಗೊನೆಯ ಬುಡಕ್ಕೆ ಮದ್ದು ಬಿಡಬಹುದು, ಕೊಯ್ಲನ್ನೂ ಮಾಡಬಹುದು. ಮರ ಹತ್ತಿ ಜಾರಿ ಬಿದ್ದು ಹಾಸಿಗೆ ಹಿಡಿದವರ ಮನೆಗಳನ್ನು ಕಂಡಿರುವ ನಮಗೆ ಇದು ಸಣ್ಣ ಬದಲಾವಣೆಯಲ್ಲ. ಇಳಿಜಾರಿನಲ್ಲಿ ದೋಟಿ ಹಿಡಿದು ನಿಲ್ಲುವುದಕ್ಕೆ ಅಭ್ಯಾಸ ಬೇಕು. ಕಾಸರಗೋಡಿನಲ್ಲಿ 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಆರಂಭವಾದ ಇಂದಿನ ಸಿಪಿಸಿಆರ್‌ಐ (ಕೇಂದ್ರ ತೋಟಬೆಳೆ ಸಂಶೋಧನಾ ಸಂಸ್ಥೆ) ಮತ್ತು ವಿಟ್ಲದಲ್ಲಿರುವ ಅದರ ಪ್ರಾದೇಶಿಕ ಕೇಂದ್ರದಲ್ಲಿ ತರಬೇತಿಯ ಬಗ್ಗೆ ವಿಚಾರಿಸಿ. ಒಂದು ಎಚ್ಚರಿಕೆಯನ್ನು ಮರೆಯದೆ ಮಗನಿಗೂ ಕೆಲಸದವರಿಗೂ ಹೇಳಿ. ಕಾರ್ಬನ್ ಫೈಬರ್‌ನಲ್ಲಿ ವಿದ್ಯುತ್ ಹರಿಯುತ್ತದೆ. ತೋಟದ ಬದಿಯಲ್ಲಿ ಕರೆಂಟಿನ ತಂತಿ ಹಾದುಹೋಗಿದ್ದರೆ ಆ ಸಾಲಿನ ಮರಗಳಿಗೆ ದೋಟಿ ಎತ್ತುವ ಮೊದಲು ಸಂಪರ್ಕ ಕಡಿಸಲೇಬೇಕು, ಅದು ಸಾಧ್ಯವಾಗದಿದ್ದರೆ ಆ ಮರಗಳನ್ನು ಬಿಟ್ಟುಬಿಡಿ. ದೋಟಿಯ ಜೊತೆಗೆ ಬರುವ ಸೂಚನೆಯ ಹಾಳೆಯನ್ನು ಯಾರಿಂದಲಾದರೂ ಕನ್ನಡದಲ್ಲಿ ಬರೆಸಿ ಅಂಗಳದ ಗೋಡೆಗೆ ಹಚ್ಚಿದರೆ ಮದ್ದು ಬಿಡಲು ಬಂದವರೂ ಓದಿಯಾರು.

ಪ್ರಶ್ನೆ: ನೀರ್ಚಾಲಿನ ನಿವೃತ್ತ ಅಧ್ಯಾಪಕ. ಹದಿನೈದು ವರ್ಷಗಳಿಂದ ‘ನುಡಿ’ ತಂತ್ರಾಂಶದಲ್ಲಿ ಲೇಖನ ಬರೆಯುತ್ತಿದ್ದೇನೆ. ಈಗ ಕಳುಹಿಸಿದ ಬರಹಗಳು ಸಂಪಾದಕರ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತವಂತೆ. ಇನ್ನು ಕೆಲವು ಪತ್ರಿಕೆಗಳು ‘ನುಡಿ’ಯಲ್ಲಿಯೇ ಬೇಕೆನ್ನುತ್ತವೆ. ಇದರ ಮರ್ಮವೇನು?

ಉತ್ತರ: ಗುರುಗಳೇ, ತಪ್ಪು ತಮ್ಮದಲ್ಲ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಕನ್ನಡಕ್ಕೆ ಪ್ರತ್ಯೇಕ ಸ್ಥಾನ ಇರಲಿಲ್ಲ. ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಲಾಗಿತ್ತು. ಆ ಅಕ್ಷರವಿನ್ಯಾಸ ಇರುವ ಯಂತ್ರದಲ್ಲಿ ಅದು ಕನ್ನಡವಾಗಿ ಕಾಣುತ್ತದೆ, ಇಲ್ಲದ ಕಡೆ ಕೆಳಗಿರುವ ಇಂಗ್ಲಿಷ್ ಹೊರಬೀಳುತ್ತದೆ. ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಒಂದೊಂದು ಸಂಖ್ಯೆ ಕೊಡುವ ಯುನಿಕೋಡ್ ವ್ಯವಸ್ಥೆಯಲ್ಲಿ ಹಾಗಲ್ಲ, ಅಲ್ಲಿ ಕನ್ನಡಕ್ಕೆಂದೇ 128 ಸ್ಥಾನಗಳನ್ನು ಕಾದಿರಿಸಲಾಗಿದೆ. ‘ಕ್ಷ’ ಎಂದು ತಾವು ಬರೆದರೆ ಅದು ಕ, ಸ್ವರ ಕಳೆಯುವ ‘ವಿರಾಮ’ದ ಗುರುತು (್), ಷ ಎಂಬ ಮೂರು ಸಂಕೇತಗಳಾಗಿ ಉಳಿಯುತ್ತದೆ. ಅಕ್ಷರದ ರೂಪ ಯಂತ್ರದಿಂದ ಯಂತ್ರಕ್ಕೆ ಬದಲಾದರೂ ಅಕ್ಷರ ಬದಲಾಗುವುದಿಲ್ಲ. ಮುದ್ರಣಕ್ಕೆ ಪುಟ ಕಟ್ಟುವ ಹಳೆಯ ತಂತ್ರಾಂಶಗಳಿಗೆ ಕನ್ನಡದ ಯುನಿಕೋಡ್ ಸರಿಯಾಗಿ ಒಗ್ಗದ ಕಾರಣ ಕೆಲವು ಪತ್ರಿಕೆಗಳು ಹಳೆಯ ರೂಪವನ್ನೇ ಕೇಳುತ್ತವೆ.

ಬೆರಳಿಗೆ ರೂಢಿಯಾದ ಕೀಲಿಗಳನ್ನು ತಾವು ಬಿಡಬೇಕಾಗಿಲ್ಲ. ನಮ್ಮ ಕರಾವಳಿಯವರೇ ಆದ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನೇ ಆಧರಿಸಿದ ‘ನುಡಿ’ಯ ಹೊಸ ಆವೃತ್ತಿಯಲ್ಲಿ, ಅದೇ ಕೀಲಿಗಳಿಂದ ಯುನಿಕೋಡ್ ಬರೆಯಬಹುದು. ಹಳೆಯ ಲೇಖನಗಳನ್ನು ಪರಿವರ್ತಕದ ಮೂಲಕ ಬದಲಿಸಿ, ಒಮ್ಮೆ ಕಣ್ಣಾಡಿಸಿ. ಒತ್ತಕ್ಷರ ಮತ್ತು ಅರ್ಕಾವೊತ್ತುಗಳು ಅಲ್ಲಲ್ಲಿ ಸ್ಥಳ ತಪ್ಪಿರುತ್ತವೆ. ಹದಿನೈದು ವರ್ಷಗಳ ಬರಹ ಯುನಿಕೋಡ್‌ಗೆ ಬಂದರೆ ನೀರ್ಚಾಲಿನ ಬಗ್ಗೆ ಹುಡುಕುವ ಮಗುವಿಗೆ ತಮ್ಮ ಲೇಖನ ಸಿಗುತ್ತದೆ, ಹಳೆಯ ರೂಪದಲ್ಲಿ ಅದು ಇದ್ದೂ ಇಲ್ಲದ ಹಾಗೆ. ಬೆರಳು ನೋಯುವ ದಿನ ಮೊಬೈಲಿಗೆ ಬಾಯಲ್ಲಿ ಹೇಳಿ ಬರೆಸಲೂಬಹುದು. ಆದರೆ ನಡುವೆ ತುಳುವೋ ಹವ್ಯಕ ಮಾತೋ ಬಂದರೆ ಅದಕ್ಕೆ ಹತ್ತಿರದ ಕನ್ನಡ ಪದವೊಂದನ್ನು ಹಾಕಿಬಿಡುತ್ತದೆ. ತುಳು-ತಿಗಳಾರಿ ಲಿಪಿಗೆ ಯುನಿಕೋಡ್‌ನಲ್ಲಿ ಸ್ಥಾನ ದೊರೆತದ್ದೇ 2024ರಲ್ಲಿ. ಯಂತ್ರ ನಮ್ಮ ಮನೆಮಾತುಗಳನ್ನು ಕಲಿಯಬೇಕಾದದ್ದು ಇನ್ನೂ ಬಹಳ ಇದೆ.

ಪ್ರಶ್ನೆ: ಮಂಜೇಶ್ವರದ ಹೈಯರ್ ಸೆಕೆಂಡರಿ ವಿದ್ಯಾರ್ಥಿನಿ. ಶಾಲೆಯ ಸಂಚಿಕೆಗೆ ಮಳೆಯ ಕುರಿತು ಕವಿತೆ ಕೇಳಿದರು. ಕೃತಕ ಬುದ್ಧಿಮತ್ತೆಯ ಆಪ್‌ನಲ್ಲಿ ಬರೆಸಿದೆ, ಚೆನ್ನಾಗಿದೆ ಎಂದರು. ನನಗೇ ಸಮಾಧಾನವಿಲ್ಲ. ಅದು ನನ್ನ ಕವಿತೆಯೇ?

ಉತ್ತರ: ಅಲ್ಲ ಮಗಳೇ. ಸಮಾಧಾನವಿಲ್ಲವೆಂದು ಬರೆದಿದ್ದೀಯಲ್ಲ, ಅದನ್ನು ಓದಿ ನನಗೆ ಸಂತೋಷವಾಯಿತು. ಆ ಯಂತ್ರ ಜನರು ಈಗಾಗಲೇ ಬರೆದಿಟ್ಟಿರುವ ಅಪಾರ ಬರಹವನ್ನು ಆಧರಿಸಿ, ಒಂದು ಪದದ ಅನಂತರ ಯಾವ ಪದ ಬರುವ ಸಂಭವ ಹೆಚ್ಚೆಂದು ಲೆಕ್ಕಹಾಕಿ ಸಾಲು ಕಟ್ಟುತ್ತದೆ. ಅದಕ್ಕೆ ಸಿಕ್ಕಿರುವ ಕನ್ನಡ, ಇಂಗ್ಲಿಷಿಗೆ ಹೋಲಿಸಿದರೆ ತೀರ ಕಡಿಮೆ. ಅದರಲ್ಲಿ ಕಾಸರಗೋಡಿನ ಕನ್ನಡ ಇನ್ನೂ ಕಡಿಮೆ. ಆದ್ದರಿಂದ ಅದರ ಮಳೆಯಲ್ಲಿ ನವಿಲು ಕುಣಿಯುತ್ತದೆ, ಮಣ್ಣು ಘಮಿಸುತ್ತದೆ, ಅಷ್ಟಕ್ಕೇ ಮುಗಿಯುತ್ತದೆ. ಆಟಿ ತಿಂಗಳಲ್ಲಿ ಬೆಂಕಿಯಲ್ಲಿ ಸುಟ್ಟ ಹಲಸಿನ ಬೀಜ, ಅಂಗಳದ ಪಾಚಿ, ಉಪ್ಪಳದ ಕಡಲ ಕೊರೆತದಲ್ಲಿ ತೆಂಗು ಕಳೆದುಕೊಂಡವರ ಮನೆ, ಮಳೆ ರಜೆ ಇದೆಯೋ ಇಲ್ಲವೋ ಎಂದು ಬೆಳಿಗ್ಗೆ ಫೋನು ನೋಡುವ ನೀನು, ಇವು ಯಾವುವೂ ಅದರಲ್ಲಿ ಇರುವುದಿಲ್ಲ.

ನಿನ್ನೂರಿನ ಗೋವಿಂದ ಪೈಗಳನ್ನು ನೆನಪು ಮಾಡಿಕೋ. ಪದ್ಯವೆಂದರೆ ಸಾಲು ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ ಇರಲೇಬೇಕೆಂದು ಎಲ್ಲರೂ ನಂಬಿದ್ದ ಕಾಲದಲ್ಲಿ, 1911ರ ಸುಮಾರಿಗೆ, ಅವರು ಆ ಪ್ರಾಸವನ್ನು ಬಿಟ್ಟರು. ಅಲ್ಲಿಯ ತನಕದ ಕನ್ನಡ ಕಾವ್ಯವನ್ನೆಲ್ಲ ಇಂಥ ಯಂತ್ರಕ್ಕೆ ಆ ವರ್ಷ ಕಲಿಸಿದ್ದರೆ ಅದು ಪ್ರಾಸವಿಟ್ಟೇ ಬರೆಯುತ್ತಿತ್ತು, ಏಕೆಂದರೆ ಅದುವರೆಗಿನ ಪದ್ಯಗಳಲ್ಲಿ ಅದೇ ಇತ್ತು. ಬಿಡುವುದು ಮಂಜೇಶ್ವರದ ಒಬ್ಬ ಮನುಷ್ಯನ ನಿರ್ಧಾರವಾಗಿತ್ತು.

ಯಂತ್ರವನ್ನು ಮುಟ್ಟಬಾರದೆಂದು ನಾನು ಹೇಳುತ್ತಿಲ್ಲ. ಕೃತಿಸ್ವಾಮ್ಯ ನಮ್ಮಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. ಪೈಗಳು 1963ರಲ್ಲಿ ತೀರಿಕೊಂಡದ್ದರಿಂದ ಅವರು ಬದುಕಿದ್ದಾಗ ಪ್ರಕಟಿಸಿದ ಬರಹಗಳು 2024ರ ಜನವರಿ 1ರಿಂದ ಎಲ್ಲರ ಸ್ವತ್ತಾಗಿವೆ. ಅವರ ಪದ್ಯವೊಂದನ್ನು ಗೆಳತಿಯರೊಂದಿಗೆ ಯುನಿಕೋಡ್‌ನಲ್ಲಿ ಬರೆದಿಡು, ನಿನ್ನ ಸ್ವರದಲ್ಲಿ ಓದಿ ಧ್ವನಿಮುದ್ರಿಸು, ಅದಕ್ಕೆ ಮೊಬೈಲೇ ಸಾಕು. ಕಠಿಣ ಪದದ ಅರ್ಥವನ್ನು ಆಪ್‌ಗೆ ಕೇಳಿದರೂ ನಿಘಂಟಿನಲ್ಲಿ ತಾಳೆ ನೋಡು, ಏಕೆಂದರೆ ಗೊತ್ತಿಲ್ಲದ್ದನ್ನೂ ಅದು ಅನುಮಾನವಿಲ್ಲದ ದನಿಯಲ್ಲಿ ಹೇಳುತ್ತದೆ.

ಸಂಚಿಕೆ ಅಚ್ಚಿಗೆ ಹೋಗದಿದ್ದರೆ ಅಧ್ಯಾಪಕರಲ್ಲಿ ನಿಜ ಹೇಳಿ ಎರಡು ದಿನ ಕೇಳಿಕೋ. ನೀನೇ ಬರೆದ ಮಳೆಯನ್ನು ಮೊದಲು ಮನೆಯಲ್ಲಿ ಅಜ್ಜಿಗೆ ಓದಿ ಹೇಳು. ಅವರು ಎಲ್ಲಿ ತಡೆದು ‘ಅದು ಹಾಗಲ್ಲ’ ಎನ್ನುತ್ತಾರೋ ಆ ಸಾಲಿನ ಬದಿಗೆ ಪೆನ್ಸಿಲಿನಿಂದ ಗುರುತು ಹಾಕಿಕೊಂಡು, ಮತ್ತೊಮ್ಮೆ ಕುಳಿತು ಬರೆ.